ಜಿಂಕೆ ಹಿಂದೆ ಹೋದ ಬೀಗಲ್‌ಗೆ ಯಾವ ಕಾಲರ್?

ಈ ಸಲ ಇನ್ವರ್ಟರ್, ವೈಫೈ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ನಾಯಿ ಹುಡುಕೋ ಪ್ರಶ್ನೆ ಮೂರನ್ನೂ ಒಟ್ಟಿಗೆ ತಗೊಂಡಿದೀನಿ. ಮೊದಲನೇ ಕಾಗದ ಉದ್ದ ಇತ್ತು, ಸ್ವಲ್ಪ ಕತ್ತರಿಸಿದೀನಿ, ಉತ್ತರ ಕತ್ತರಿಸೋಕೆ ಮನಸ್ಸು ಬರ್ಲಿಲ್ಲ.

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿದೀವಿ. ಪಕ್ಕದ ಮನೆಯವರ ಜೊತೆ ಸೇರಿ ಎರಡು ಚಳಿಗಾಲದಿಂದ ನಾನೂ ಮೊಲದ ಬೇಟೆಗೆ ಹೋಗ್ತಿದೀನಿ, ಲೈಸೆನ್ಸ್ ಎಲ್ಲ ಇದೆ (ಊರಲ್ಲಿ ಅಮ್ಮಂಗೆ ಮಾತ್ರ ಹೇಳಿಲ್ಲ). ಮನೇಲಿ ಎರಡು ಬೀಗಲ್ ನಾಯಿ. ಕಳೆದ ತಿಂಗಳು ಚಿಕ್ಕದು ಮೊಲ ಬಿಟ್ಟು ಜಿಂಕೆ ಹಿಂದೆ ಓಡಿಹೋಯ್ತು, ರಾತ್ರಿ ಒಂಬತ್ತರವರೆಗೂ ಟಾರ್ಚ್ ಹಿಡ್ಕೊಂಡು ಕೂಗಿದ್ದೇ ಬಂತು. ಮಾರನೇ ದಿನ ನಾಲ್ಕು ಮೈಲಿ ಆಚೆ ಯಾರದೋ ಮನೆ ಹಿತ್ತಲಲ್ಲಿ ಸಿಕ್ತು. ಈಗ ಪಕ್ಕದ ಮನೆಯವರು ತಮ್ಮ ಹಳೇ ರೇಡಿಯೋ ಟೆಲಿಮೆಟ್ರಿ ಸೆಟ್ ಸುಮ್ನೆ ಕೊಡ್ತೀನಿ ಅಂತಾರೆ, ಅದರ ಆಂಟೆನಾ ನೋಡಿದ್ರೆ ನಮ್ಮೂರ ಮನೆ ಮಾಳಿಗೆ ಮೇಲಿದ್ದ ದೂರದರ್ಶನದ ಆಂಟೆನಾ ನೆನಪಾಗುತ್ತೆ. ಹೆಂಡತಿ ಆಪಲ್‌ನವರ ಏರ್‌ಟ್ಯಾಗ್ ಬಿಲ್ಲೆ ಕಟ್ಟಿದ್ರೆ ಸಾಕಲ್ವಾ ಅಂತಾಳೆ. ಅಂಗಡಿಯವನು ಸಾವಿರ ಡಾಲರ್ ಹತ್ತಿರದ್ದು ಜಿಪಿಎಸ್ ಸೆಟ್ ತೋರಿಸ್ತಾನೆ, ಒಂಬತ್ತು ಮೈಲಿ ರೇಂಜ್ ಅಂತ ಡಬ್ಬಿ ಮೇಲೇ ಬರೆದಿದೆ. ಯಾವುದು ತಗೊಳ್ಳಿ?

ಉತ್ತರ: ನಾಯಿ ಸಿಕ್ತಲ್ಲ, ಅಷ್ಟು ಸಾಕು, ಇನ್ನು ನಿಧಾನವಾಗಿ ಯೋಚನೆ ಮಾಡೋಣ. ಒಂದು ಮೊದಲೇ ಹೇಳ್ಬಿಡ್ತೀನಿ, ನಾನು ಬೇಟೆಗಾರ ಅಲ್ಲ, ಹ್ಯಾಮ್ ರೇಡಿಯೋದವನು, ಅಂದ್ರೆ ಹವ್ಯಾಸಕ್ಕೆ ರೇಡಿಯೋ ನಡೆಸೋನು. ನಮ್ಮಲ್ಲೂ ಫಾಕ್ಸ್ ಹಂಟ್ ಅಂತ ಒಂದು ಆಟ ಇದೆ, ಅದರಲ್ಲಿ ನರಿ ಇರಲ್ಲ, ಒಬ್ಬರು ಪೊದೇಲೋ ಮೋರಿ ಪಕ್ಕದಲ್ಲೋ ಚಿಕ್ಕ ಟ್ರಾನ್ಸ್‌ಮಿಟರ್ ಬಚ್ಚಿಟ್ಟು ಬರ್ತಾರೆ, ಉಳಿದವರು ಆಂಟೆನಾ ಹಿಡ್ಕೊಂಡು ಹುಡುಕ್ಬೇಕು. ಅದು ಬಿಟ್ರೆ ಅಕ್ಕನ ಮಗನ ಮನೇಲಿದ್ದಾಗ ನಿಮ್ಮ ಕಡೆ ಒಂದು ಚಳಿಗಾಲ ಬೀಗಲ್‌ನವರ ಹಿಂದೆ ನಾನೂ ಅಲೆದಿದೀನಿ, ಕೋವಿ ಮುಟ್ಟಿಲ್ಲ, ಅವರ ರಿಸೀವರ್ ಮಾತ್ರ ನನ್ನ ಕೈಲಿರ್ತಿತ್ತು. ಈ ಎರಡರ ಅನುಭವದ ಮೇಲೆ ಹೇಳ್ತಿದೀನಿ.

ಏರ್‌ಟ್ಯಾಗ್ ವಿಷಯ ಮೊದಲು ಮುಗಿಸೋಣ. ಅದರಲ್ಲಿ ಜಿಪಿಎಸ್ ಇಲ್ಲ. ಅದು ಬ್ಲೂಟೂತಲ್ಲಿ ನಾನಿಲ್ಲಿದೀನಿ ಅಂತ ಸಣ್ಣಗೆ ಕೂಗ್ತಿರುತ್ತೆ, ಹತ್ತಿರ ಯಾರದಾದ್ರೂ ಆಪಲ್ ಫೋನ್ ಹಾದುಹೋದ್ರೆ ಆ ಫೋನು ತಾನಿರೋ ಜಾಗವನ್ನ ಮೇಲಕ್ಕೆ ತಿಳಿಸುತ್ತೆ, ಅಷ್ಟೇ. ಪೇಟೇಲಿ ಕೀ ಗೊಂಚಲು ಹುಡುಕೋಕೆ ಚೆನ್ನಾಗಿದೆ. ಕಾಡಲ್ಲಿ ಅಳಿಲಿನ ಕೈಲಿ ಐಫೋನ್ ಇರಲ್ಲವಲ್ಲ. ಹಾಗಂತ ನಿಮ್ಮ ಮನೆಯವರ ಮಾತು ಪೂರ್ತಿ ತಳ್ಳಿಹಾಕೋ ಹಾಗೂ ಇಲ್ಲ, ಯಾಕಂದ್ರೆ ನಿಮ್ಮ ನಾಯಿ ಕೊನೆಗೆ ಸೇರಿದ್ದು ಒಂದು ಮನೆ ಹಿತ್ತಲಿಗೇ, ಅಲ್ಲಿ ಆಪಲ್ ಫೋನ್ ಇದ್ದಿದ್ರೆ ರಾತ್ರಿನೇ ಗೊತ್ತಾಗ್ತಿತ್ತೇನೋ. ಅದಕ್ಕೆ ಬದಲು ಅದೇ ಕೆಲಸ ಮಾಡೋ ಇನ್ನೂ ಅಗ್ಗದ್ದು ಒಂದಿದೆ, ನಿಮ್ಮ ಫೋನ್ ನಂಬರ್ ಕೆತ್ತಿದ ಹಿತ್ತಾಳೆ ಪಟ್ಟಿ. ನೇತಾಡೋ ಬಿಲ್ಲೆ ಬೇಡ, ಅದು ಮುಳ್ಳುಕಂಟೀಲಿ ಸಿಕ್ಕಾಕ್ಕೊಳ್ಳುತ್ತೆ, ಕಾಲರ್‌ಗೇ ಚಪ್ಪಟೆಯಾಗಿ ರಿವೆಟ್ ಹೊಡೆದದ್ದು ಬೇಕು. ಮುಂದೆ ಏನೇ ತಗೊಳ್ಳಿ ಬಿಡಿ, ಇದನ್ನ ಇವತ್ತೇ ಹಾಕಿಸಿ.

ಇನ್ನು ಸಿಮ್ ಹಾಕೋ ಕಾಲರ್. ಇದು ತನ್ನ ಜಾಗವನ್ನ ಮೊಬೈಲ್ ನೆಟ್‌ವರ್ಕ್ ಮೇಲೆ ನಿಮ್ಮ ಫೋನಿಗೆ ಕಳಿಸುತ್ತೆ, ನೆಟ್‌ವರ್ಕ್ ಇರೋ ತನಕ ಎಷ್ಟು ದೂರ ಹೋದ್ರೂ ಸಿಗುತ್ತೆ, ತಿಂಗಳು ತಿಂಗಳು ಬಾಡಿಗೆ ಕಟ್ಬೇಕು. ಫಿನ್ಲೆಂಡ್, ಸ್ವೀಡನ್ ಕಡೆ ಮೂಸ್ ಅನ್ನೋ ದೊಡ್ಡ ಜಿಂಕೆ ಬೇಟೆಯವರು ಇದನ್ನೇ ತುಂಬ ಬಳಸ್ತಾರೆ, ಅಲ್ಲಿ ಕಾಡಲ್ಲೂ ಸಿಗ್ನಲ್ ಚೆನ್ನಾಗಿರುತ್ತೆ, ಕೆಲವದರಲ್ಲಿ ಕಾಲರ್‌ಗೆ ಫೋನ್ ಮಾಡಿ ನಾಯಿ ಬೊಗಳೋದನ್ನೂ ಕೇಳಬಹುದು. ನಿಮ್ಮ ಕಡೆ ಯುವಾರಿ ಕಾಡಿನಂಥ ಜಾಗದಲ್ಲಿ ಗುಡ್ಡದ ಮೇಲೆ ಸಿಗ್ನಲ್ ಇದ್ರೂ ತೊರೆ ಹರಿಯೋ ಕೊರಕಲಿಗೆ ಇಳಿದ ತಕ್ಷಣ ಹೋಗಿರುತ್ತೆ. ಮೊಲ ಇರೋದು ಆ ಕೊರಕಲಿನ ಪೊದೇಲೇ. ಇದನ್ನ ಪರೀಕ್ಷೆ ಮಾಡೋಕೆ ದುಡ್ಡೇನೂ ಖರ್ಚಿಲ್ಲ, ಒಂದು ಭಾನುವಾರ ನಾಯಿ ಓಡೋ ಜಾಗದಲ್ಲೆಲ್ಲ ನೀವೇ ಫೋನ್ ಹಿಡ್ಕೊಂಡು ಓಡಾಡಿ, ಅದೂ ಫೋನನ್ನ ಮೊಣಕಾಲ ಮಟ್ಟದಲ್ಲಿ ಹಿಡ್ಕೊಂಡು ನೋಡಿ, ನಿಮ್ಮ ಎತ್ತರಕ್ಕಲ್ಲ, ನಾಯಿ ಎತ್ತರಕ್ಕೆ. ಮೂರು ಜಾಗದಲ್ಲಿ ಸಿಗ್ನಲ್ ಹೋಯ್ತು ಅಂದ್ರೆ ಈ ಜಾತಿ ಕಾಲರ್ ಮರೆತುಬಿಡಿ.

ಪಕ್ಕದ ಮನೆಯವರ ಹಳೇ ಸೆಟ್ ಬಗ್ಗೆ ನಂಗೆ ಸ್ವಲ್ಪ ಮಮಕಾರ ಜಾಸ್ತಿ, ಅದನ್ನ ಗಮನದಲ್ಲಿಟ್ಟುಕೊಂಡು ಓದಿ. ಕಾಡುಪ್ರಾಣಿಗೆ ರೇಡಿಯೋ ಕಟ್ಟಿ ಹುಡುಕೋ ಪದ್ಧತಿಯನ್ನ ಅಮೆರಿಕದಲ್ಲಿ ಕಾಕ್ರನ್, ಲಾರ್ಡ್ ಅನ್ನೋರು 1963ರಲ್ಲೇ ಪ್ರಕಟಿಸಿದ್ರು, ನಮ್ಮ ನಾಗರಹೊಳೇಲಿ ಉಲ್ಲಾಸ ಕಾರಂತರು 1990ರಲ್ಲಿ ಹುಲಿಗೆ ಕಾಲರ್ ಹಾಕಿ ಹಿಂಬಾಲಿಸಿದ್ದೂ ಇದೇ ತತ್ವದ ಮೇಲೆ. ಕಾಲರ್ ಒಂದು ಫ್ರೀಕ್ವೆನ್ಸೀಲಿ ಟಿಕ್ ಟಿಕ್ ಅಂತ ಸಿಗ್ನಲ್ ಬಿಡ್ತಿರುತ್ತೆ, ನಿಮ್ಮಲ್ಲಿ ನಾಯಿ ಕಾಲರ್‌ಗಳು ಸಾಮಾನ್ಯವಾಗಿ 216ರಿಂದ 220 ಮೆಗಾಹರ್ಟ್ಸ್ ಆಸುಪಾಸಲ್ಲಿರುತ್ತೆ, ಒಂದೊಂದು ನಾಯಿಗೆ ಒಂದೊಂದು ಚಾನೆಲ್. ಆ ಟಿವಿ ಆಂಟೆನಾದಂಥದ್ದರ ಹೆಸರು ಯಾಗಿ. ಅದನ್ನ ಸುತ್ತ ತಿರುಗಿಸ್ತಾ ಹೋದ್ರೆ ನಾಯಿ ಇರೋ ದಿಕ್ಕಿಗೆ ಟಿಕ್ ಜೋರಾಗುತ್ತೆ. ಉಪಗ್ರಹ ಬೇಡ, ಟವರ್ ಬೇಡ, ಕಾಲರ್ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತೆ. ನಾಯಿ ಮೂರು ದಿನ ಕಳೆದುಹೋದ್ರೂ ಅದು ಕೂಗ್ತಾನೇ ಇರುತ್ತೆ, ಜಿಪಿಎಸ್ ಕಾಲರ್ ಅಷ್ಟೊತ್ತಿಗೆ ಸಾಮಾನ್ಯವಾಗಿ ಸತ್ತಿರುತ್ತೆ.

ಆದ್ರೆ ಇದಕ್ಕೆ ಕೈಪಳಗಬೇಕು. ಸಾವನದುರ್ಗದ ಬುಡದಲ್ಲಿ ಒಮ್ಮೆ ನಮ್ಮ ಫಾಕ್ಸ್ ಹಂಟ್ ನಡೀತು. ಸಿಗ್ನಲ್ ಸೀದಾ ಬಂಡೆ ಕಡೆಯಿಂದ ಬರ್ತಿತ್ತು, ನಾನು ಅದರ ಹಿಂದೇನೇ ಮುಕ್ಕಾಲು ಗಂಟೆ ಲಂಟಾನದಲ್ಲಿ ತೂರಿಕೊಂಡು ಹೋಗಿ ಬಂಡೆಗೆ ಹಣೆ ಹಚ್ಚೋದೊಂದು ಬಾಕಿ, ಟ್ರಾನ್ಸ್‌ಮಿಟರ್ ಇದ್ದಿದ್ದು ನನ್ನ ಬೆನ್ನ ಹಿಂದೆ, ಕಾರ್ ನಿಲ್ಲಿಸಿದ್ವಲ್ಲ ಆ ಹುಣಸೇಮರದ ಬುಡದಲ್ಲಿ! ಅಷ್ಟು ದೊಡ್ಡ ಬಂಡೆಗೆ ಬಡಿದು ಸಿಗ್ನಲ್ ವಾಪಸ್ ಬರ್ತಿತ್ತು, ನಾನು ಪ್ರತಿಧ್ವನಿ ಹಿಂದೆ ಹೋಗಿದ್ದೆ. ಕೊರಕಲಲ್ಲೂ ಹೀಗೇ ಮೋಸ ಆಗುತ್ತೆ. ಅದಕ್ಕೆ ಒಂದೇ ಕಡೆ ನಿಂತು ನಂಬಬಾರದು, ದಿಕ್ಕು ನೋಡ್ಕೊಂಡು ಕಾಲು ಮೈಲಿ ಪಕ್ಕಕ್ಕೆ ಹೋಗಿ ಮತ್ತೊಮ್ಮೆ ನೋಡ್ಬೇಕು, ಎರಡು ಗೆರೆ ಎಲ್ಲಿ ಕೂಡುತ್ತೋ ಅಲ್ಲಿದೆ ನಾಯಿ. ಹತ್ತಿರ ಹೋದ ಮೇಲೆ ಇನ್ನೊಂದು ತಾಪತ್ರಯ, ಸಿಗ್ನಲ್ ಎಷ್ಟು ಜೋರಾಗುತ್ತೆ ಅಂದ್ರೆ ಎಲ್ಲಾ ದಿಕ್ಕಿಂದಲೂ ಒಂದೇ ಥರ ಕೇಳುತ್ತೆ, ಆಗ ಗೇನ್, ಅಂದ್ರೆ ರಿಸೀವರ್ ಸಿಗ್ನಲ್ ಹಿಗ್ಗಿಸೋ ಮಟ್ಟ, ತೀರ ಕಮ್ಮಿ ಮಾಡಿ ರಿಸೀವರನ್ನ ಎದೆಗೆ ಒತ್ತಿ ಹಿಡ್ಕೊಂಡು ನೀವೇ ಒಂದು ಸುತ್ತು ತಿರುಗಿ, ಎಲ್ಲಿ ಟಿಕ್ ಸಣ್ಣಗಾಗುತ್ತೋ ನಾಯಿ ನಿಮ್ಮ ಬೆನ್ನಿಗಿದೆ ಅಂತ ಅರ್ಥ, ನಿಮ್ಮ ಮೈಯೇ ಅಡ್ಡ ಬಂದಿರುತ್ತೆ.

ಈಗ ಅಂಗಡಿಯವನ ಸೆಟ್. ಇದು ಜಿಪಿಎಸ್, ರೇಡಿಯೋ ಎರಡರ ಕೂಡಿಕೆ. ಕಾಲರ್ ತಾನೆಲ್ಲಿದೀನಿ ಅಂತ ಉಪಗ್ರಹದಿಂದ ತಿಳ್ಕೊಂಡು ಅದನ್ನ ರೇಡಿಯೋದಲ್ಲಿ ನಿಮ್ಮ ಕೈಲಿರೋ ಯಂತ್ರಕ್ಕೆ ಹೇಳುತ್ತೆ. ಹಾಗಾಗಿ ಮೊಬೈಲ್ ನೆಟ್‌ವರ್ಕ್ ಬೇಡ, ಬರೀ ಟ್ರ್ಯಾಕಿಂಗ್‌ಗೆ ತಿಂಗಳ ಬಾಡಿಗೆನೂ ಇಲ್ಲ. ಗಾರ್ಮಿನ್‌ನವರ ಆಸ್ಟ್ರೋ, ಆಲ್ಫಾ ಈ ಜಾತಿಯವು, ಅಮೆರಿಕದಲ್ಲಿ ಅವು ಮರ್ಸ್ ಅನ್ನೋ ಲೈಸೆನ್ಸ್ ಬೇಡದ ಐದು ಚಾನೆಲ್ ಮೇಲೆ, 151 ಮತ್ತು 154 ಮೆಗಾಹರ್ಟ್ಸ್‌ನಲ್ಲಿ ಮಾತಾಡ್ತವೆ, ಸಿಗ್ನಲ್ ಶಕ್ತಿಗೆ 2 ವ್ಯಾಟ್ ಮಿತಿ. ಆಸ್ಟ್ರೋ ಬರೀ ಎಲ್ಲಿದೆ ಅಂತ ತೋರಿಸುತ್ತೆ, ಆಲ್ಫಾದಲ್ಲಿ ನಾಯಿಗೆ ಬೀಪ್, ಶಾಕ್ ಕೊಡೋ ಬಟನ್ನೂ ಇರುತ್ತೆ. ಡಾಗ್ಟ್ರಾ ಪಾತ್‌ಫೈಂಡರ್ ಅಂತ ಇನ್ನೊಂದು, ಅದಕ್ಕೆ ಬೇರೆ ಪರದೆ ಇಲ್ಲ, ನಿಮ್ಮ ಫೋನೇ ಪರದೆ, ಅದಕ್ಕೇ ಸ್ವಲ್ಪ ಅಗ್ಗ, ಆದ್ರೆ ಮಳೇಲಿ ಗ್ಲೌಸ್ ಹಾಕ್ಕೊಂಡ ಕೈಲಿ ಟಚ್ ಸ್ಕ್ರೀನ್ ಒತ್ತಿ ನೋಡಿ, ಅಗ್ಗದ ಬೆಲೆ ಏನು ಅಂತ ಗೊತ್ತಾಗುತ್ತೆ. ನಂಗಂತೂ ದಪ್ಪ ಬಟನ್ ಇರೋ ಯಂತ್ರನೇ ಇಷ್ಟ.

ಒಂಬತ್ತು ಮೈಲಿ ಅನ್ನೋದು ಸುಳ್ಳಲ್ಲ, ಆದ್ರೆ ನಿಮಗೆ ಅನ್ವಯಿಸಲ್ಲ. ನೀವೊಂದು ಗುಡ್ಡದ ಮೇಲೆ, ನಾಯಿ ಇನ್ನೊಂದು ಗುಡ್ಡದ ಮೇಲೆ, ಮಧ್ಯೆ ಏನೂ ಅಡ್ಡ ಇಲ್ಲ ಅಂದ್ರೆ ಆಗೋ ಲೆಕ್ಕ ಅದು. ಈ ಫ್ರೀಕ್ವೆನ್ಸಿಗಳು ಹೆಚ್ಚುಕಮ್ಮಿ ಕಣ್ಣಳತೆ ನೇರಕ್ಕೆ ಹೋಗೋವು, ಆಂಟೆನಾ ಎಷ್ಟು ಎತ್ತರದಲ್ಲಿದೆ ಅನ್ನೋದರ ಮೇಲೇ ಎಲ್ಲ ನಿಂತಿದೆ. ನಿಮ್ಮ ಬೀಗಲ್ ಅಂದ್ರೆ ಹದಿನೈದು ಇಂಚಿನ ಟವರ್, ಅದೂ ಒದ್ದೆ ಪೊದೆ ಒಳಗೆ ನುಸುಳೋ ಟವರ್! ಕಾಡಲ್ಲಿ ಒಂದೆರಡು ಮೈಲಿ ಸಿಕ್ರೆ ಖುಷಿಪಡಿ. ನಾಯಿ ಸುಸ್ತಾಗಿ ಮಲಗಿತು ಅಂದ್ರೆ ಇನ್ನೂ ಕಮ್ಮಿ, ಯಾಕಂದ್ರೆ ಆಂಟೆನಾ ನೆಲಕ್ಕೆ ಒರಗಿರುತ್ತೆ. ಪರದೇಲಿ ನಾಯಿ ಗುರುತು ನಿಂತುಹೋದ್ರೆ ಗಾಬರಿಯಾಗಿ ಕಾಡೊಳಗೆ ಓಡಬೇಡಿ, ಎತ್ತರದ ಜಾಗಕ್ಕೆ ಹತ್ತಿ, ಕೈ ಮೇಲೆತ್ತಿ ಎರಡು ನಿಮಿಷ ಕಾಯಿರಿ.

ಇಷ್ಟೆಲ್ಲ ಕೊರತೆ ಹೇಳಿದ ಮೇಲೂ ನೀವು ತಗೋಬೇಕಾದ್ದು ಇದೇ ಅಂತೀನಿ, ಕಾರಣ ರೇಂಜ್ ಅಲ್ಲ. ನಿಮ್ಮ ಕಡೆ ಬಂದಿದ್ದಾಗ ನನ್ನ ಕೈಲಿದ್ದ ಯಂತ್ರದಲ್ಲಿ ಎರಡೂವರೆ ಸೆಕೆಂಡಿಗೊಮ್ಮೆ ನಾಯಿ ಜಾಗ ಹೊಸದಾಗ್ತಿತ್ತು, ಹಿಂದೆ ಬಂದ ದಾರಿ ಗೆರೆ ಥರ ಉಳೀತಿತ್ತು. ಮೊಲ ಹೆದರಿದ್ರೂ ತನ್ನ ಜಾಗ ಬಿಟ್ಟು ದೂರ ಹೋಗಲ್ಲ, ಸುತ್ತು ಹಾಕಿ ಎದ್ದ ಕಡೆಗೇ ಬರುತ್ತೆ, ಹಾಗಾಗಿ ನಾಯಿ ಗೆರೆಯೂ ಬಳಸಿಕೊಂಡು ವಾಪಸ್ ತಿರುಗುತ್ತೆ, ಮಕ್ಕಳು ಸೊನ್ನೆ ಬರೆಯೋಕೆ ಹೋದ ಹಾಗೆ. ಒಂದು ಸಲ ಗೆರೆ ಬಾಗಲೇ ಇಲ್ಲ, ರೂಲ್ ಹಿಡಿದು ಎಳೆದ ಹಾಗೆ ಸೀದಾ ಉತ್ತರಕ್ಕೆ ಹೋಗ್ತಾ ಇತ್ತು, ನಾನಿನ್ನೂ ಬಾಯಿಬಿಡೋ ಮುಂಚೆ ಜೊತೆಲಿದ್ದ ಅಜ್ಜ ಪರದೆ ಇಣುಕಿ ನೋಡಿ, ಅದು ಜಿಂಕೆ, ನಡಿ ಗಾಡಿಗೆ ಅಂದ್ರು. ಮುಂದಿನ ಮಣ್ಣು ರಸ್ತೇಲಿ ಅಡ್ಡ ಹೋಗಿ ನಿಂತ್ವಿ, ನಾಯಿ ನಮ್ಮ ಕೈಗೇ ಬಂತು, ಹೆಚ್ಚಂದ್ರೆ ಇಪ್ಪತ್ತು ನಿಮಿಷದ ಕೆಲಸ. ನಿಮ್ಮ ಚಿಕ್ಕ ಬೀಗಲ್ ನಾಲ್ಕು ಮೈಲಿ ಹೋಗೋಕೆ ಮುಂಚೆ ನಿಮಗೆ ಗೊತ್ತಾಗ್ಬೇಕಿದ್ದು ಇಷ್ಟೇ. ಹಳೇ ಟೆಲಿಮೆಟ್ರಿ ನಾಯಿ ಯಾವ ದಿಕ್ಕಲ್ಲಿದೆ ಅಂತ ಹೇಳುತ್ತೆ, ಇದು ನಾಯಿ ಏನು ಮಾಡ್ತಿದೆ ಅಂತ ಹೇಳುತ್ತೆ.

ದುಡ್ಡಿನ ವಿಷಯಕ್ಕೆ ಬಂದ್ರೆ ಎರಡಕ್ಕೂ ಜಿಪಿಎಸ್ ಕಾಲರ್ ದುಬಾರಿ ಅನ್ನಿಸಿದ್ರೆ ಚಿಕ್ಕದಕ್ಕೆ ಮಾತ್ರ ತಗೊಳ್ಳಿ, ದೊಡ್ಡದಕ್ಕೆ ಪಕ್ಕದ ಮನೆಯವರ ಹಳೇ ಕಾಲರ್ ಕಟ್ಟಿ, ಅವರು ಕೊಡೋದನ್ನ ಬೇಡ ಅನ್ಬೇಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಆ ಕಾಲರ್ ಆ ಯಂತ್ರಕ್ಕೆ ಜೋಡಿಯಾಗುತ್ತಾ ಅಂತ ನಿಮ್ಮೆದುರಿಗೇ ಮಾಡಿ ತೋರಿಸೋಕೆ ಹೇಳಿ. ಆಂಟೆನಾ ಬುಡ ಬಗ್ಗಿಸಿ ನೋಡಿ, ಜೊತೆ ನಾಯಿಗಳು ಅದನ್ನ ಕಚ್ಚಿ ಕಚ್ಚಿ ಒಳಗಿನ ತಂತಿ ಮುರಿದಿರುತ್ತವೆ, ಹೊರಗಿಂದ ಕಾಣಲ್ಲ. ಯುರೋಪಿನ ಮಾಡೆಲ್ ಅಗ್ಗಕ್ಕೆ ಸಿಕ್ರೂ ಬೇಡ, ಫ್ರೀಕ್ವೆನ್ಸಿ ಬೇರೆ. ಬ್ಯಾಟರಿ ಒಂದು ದಿನದ ಬೇಟೆಗೆ ಬರುತ್ತೆ, ಆದ್ರೆ ಹಿಂದಿನ ರಾತ್ರಿ ಚಾರ್ಜಿಗೆ ಹಾಕಿ ಪ್ಲಗ್ ಸ್ವಿಚ್ ಒತ್ತೋದು ಮರೆತವರ ಸಂಘಕ್ಕೆ ನಾನೇ ಅಧ್ಯಕ್ಷ. ಕಾಲರ್ ಬಿಗಿಯಾಗಿರ್ಲಿ, ಎರಡು ಬೆರಳು ತೂರೋಷ್ಟು ಮಾತ್ರ, ಸಡಿಲ ಇದ್ರೆ ಭಾರಕ್ಕೆ ತಿರುಗಿ ಆಂಟೆನಾ ಕತ್ತಿನ ಕೆಳಗೆ ಬರುತ್ತೆ, ಸಂಜೆ ಬಿಚ್ಚಿ ಚರ್ಮ ಉಜ್ಜಿದೆಯಾ ನೋಡಿ. ಶಾಕ್ ಬಟನ್ ಬಗ್ಗೆ ಹೇಳೋದಾದ್ರೆ, ಜಿಂಕೆ ಹಿಂದೆ ಓಡೋ ಚಟ ಬಿಡಿಸೋಕೆ ಅದನ್ನ ಬಳಸೋರು ಇದ್ದಾರೆ, ಆದ್ರೆ ಗೊತ್ತಿರೋರ ಪಕ್ಕ ನಿಂತು ಕಲಿಯೋವರೆಗೂ ಅದನ್ನ ಆಫ್ ಮಾಡಿಡಿ, ರಾತ್ರಿ ಒಂಬತ್ತರವರೆಗೂ ಕೂಗಿ ಬಂದ ಸಿಟ್ಟಲ್ಲಂತೂ ಮುಟ್ಟಲೇಬೇಡಿ.

ಎರಡು ಕಾನೂನಿನ ಮಾತು. ಪರದೇಲಿ ನಾಯಿ ಯಾರದೋ ಜಮೀನಿನಲ್ಲಿ ಕಂಡ ಮಾತ್ರಕ್ಕೆ ಬೇಲಿ ಹಾರೋ ಹಕ್ಕು ಬರಲ್ಲ, ಬಾಗಿಲು ತಟ್ಟಿ ಕೇಳಿ. ಇನ್ನೊಂದು, ಆಲ್ಫಾದ ಕೆಲವು ಮಾಡೆಲಲ್ಲಿ ಇನ್‌ರೀಚ್ ಅಂತ ಉಪಗ್ರಹದ ಮೇಲೆ ಮೆಸೇಜ್ ಕಳಿಸೋ ಸೌಲಭ್ಯ ಇರುತ್ತೆ, ಊರಿಗೆ ಬರುವಾಗ ಅಣ್ಣನ ಮಕ್ಕಳಿಗೆ ತೋರಿಸೋಣ ಅಂತ ಅದನ್ನ ಬ್ಯಾಗಲ್ಲಿ ಹಾಕ್ಕೊಂಡು ಬರಬೇಡಿ. ಅನುಮತಿ ಇಲ್ಲದೆ ಅಂಥ ಉಪಗ್ರಹ ಸಾಧನ ಇಟ್ಟುಕೊಂಡಿದ್ದಕ್ಕೆ ಇಲ್ಲಿನ ಏರ್‌ಪೋರ್ಟಲ್ಲಿ ವಿದೇಶಿಯರನ್ನ ತಡೆದು ಕೇಸ್ ಹಾಕಿದ್ದಿದೆ.

ಪ್ರಶ್ನೆ: ಸರ, ನಾವು ಮುಧೋಳ ತಾಲೂಕಿನವ್ರು. ಮನ್ಯಾಗ ಎರಡು ಮುಧೋಳ ನಾಯಿ ಅದಾವ್ರಿ. ಹೊಲಕ್ಕ ಬಿಟ್ರ ಮೊಲದ ಬೆನ್ನ ಹತ್ತಿ ಜ್ವಾಳದಾಗ ಹೊಕ್ಕು ಮುಂದಿನ ಊರಿಗೇ ಹೋಗಿಬಿಡ್ತಾವು. ನಮ್ಮ ಮಾವನ ಮಗ ಅಮೆರಿಕಾದಾಗ ಇದ್ದಾನ, ಅಲ್ಲಿಂದ ನಾಯಿ ಹುಡುಕು ರೇಡಿಯೋ ಕಾಲರ್ ತಂದುಕೊಡ್ತೀನಿ ಅಂತಾನ. ತರಸ್ಲೇನ್ರಿ?

ಉತ್ತರ: ಬ್ಯಾಡ್ರಿ! ಮೇಲೆ ಹೇಳಿದ ಅಮೆರಿಕದ 151, 154 ಮೆಗಾಹರ್ಟ್ಸ್ ಅಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು, ನಮ್ಮಲ್ಲಿ ಹಾಗಿಲ್ಲ. ಆ ಸುತ್ತಿನ ಫ್ರೀಕ್ವೆನ್ಸಿಗಳನ್ನ ಇಲ್ಲಿ ಲೈಸೆನ್ಸ್ ಕೊಟ್ಟು ಹಂಚ್ತಾರೆ, ವೈರ್‌ಲೆಸ್ ಇಲಾಖೆಯ ಒಪ್ಪಿಗೆ ಇಲ್ಲದೆ ಅಂಥ ಟ್ರಾನ್ಸ್‌ಮಿಟರ್ ತರಿಸೋದೂ ತಪ್ಪು, ಬಳಸೋದೂ ತಪ್ಪು. ಇಲ್ಲಿ ಲೈಸೆನ್ಸ್ ಬೇಡದೆ ಬಿಟ್ಟಿರೋದು 865 ಮೆಗಾಹರ್ಟ್ಸ್ ಸುತ್ತಿನದ್ದು, ವೈಫೈ ಓಡೋ 2.4 ಗಿಗಾಹರ್ಟ್ಸ್, ಹೀಗೆ ಕೆಲವೇ ಪಟ್ಟಿ. ಇನ್ನೊಂದು ಮಾತು ನಿಮಗೂ ಗೊತ್ತಿರುತ್ತೆ, ಆದ್ರೂ ಬರೀತೀನಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಾಯಿ ಬಿಟ್ಟು ಮೊಲ ಹಿಡಿಸೋದೂ ಬೇಟೆನೇ, ಅಪರಾಧನೇ. ನಾಯಿ ತಾನಾಗೇ ತಪ್ಪಿಸ್ಕೊಂಡು ಹೋಗೋದನ್ನ ಹುಡುಕೋಕೆ ಅಂತ ಕೇಳಿದೀರಿ ಅಂದುಕೊಂಡು ಮುಂದೆ ಹೇಳ್ತೀನಿ.

ನಿಮ್ಮ ಹೊಲದಲ್ಲಿ ಫೋನ್ ಹತ್ತುತ್ತಾ? ಹತ್ತೋದಾದ್ರೆ ಸಿಮ್ ಹಾಕೋ 4ಜಿ ಟ್ರ್ಯಾಕರ್ ಸಾಕು, ಬೈಲಲ್ಲಿ ಅದಕ್ಕೆ ಕಷ್ಟ ಇಲ್ಲ. ಆದ್ರೆ ತಗೊಳ್ಳುವಾಗ ಎಷ್ಟು ಹೊತ್ತಿಗೊಮ್ಮೆ ಜಾಗ ಕಳಿಸುತ್ತೆ ಅಂತ ಕೇಳಿ. ಮನೆಯೊಳಗಿನ ಪಗ್‌ಗೆ ಅಂತ ಮಾಡಿದ ಟ್ರ್ಯಾಕರ್ ಐದು ನಿಮಿಷಕ್ಕೊಮ್ಮೆ ಕಳಿಸುತ್ತೆ ಅಂದುಕೊಳ್ಳಿ, ನಿಮ್ಮ ನಾಯಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಕಿತ್ತರೆ ಒಂದೇ ನಿಮಿಷಕ್ಕೆ ಆರುನೂರು ಮೀಟರ್ ಮೇಲೆ ಹೋಗಿರುತ್ತೆ, ನೀವು ಬೈಕ್ ಹತ್ತಿ ಆ ಗುರುತಿನ ಹತ್ತಿರ ಹೋಗೋಷ್ಟರಲ್ಲಿ ಅಲ್ಲಿ ಹೆಜ್ಜೆ ಗುರುತು ಬಿಟ್ಟು ಏನೂ ಇರಲ್ಲ. ಕಳೆದುಹೋದಾಗ ಕೆಲವು ಸೆಕೆಂಡಿಗೊಮ್ಮೆ ಕಳಿಸೋ ಲೈವ್ ಮೋಡ್ ಇರೋದೇ ಬೇಕು. ಇನ್ನು ಪಟ್ಟಿ. ಮುಧೋಳದ ತಲೆ ಸಣ್ಣ, ಕತ್ತು ದಪ್ಪ, ಮಾಮೂಲಿ ಕಾಲರ್ ಹಾಕಿದ್ರೆ ಹಿಂದಕ್ಕೆ ಜಗ್ಗಿ ಕಿವಿ ಮಡಚಿ ಒಂದೇ ಏಟಿಗೆ ಕಳಚಿಕೊಳ್ಳುತ್ತೆ, ಆಮೇಲೆ ನೀವು ಹೊಲದಲ್ಲಿ ಬಿದ್ದಿರೋ ಕಾಲರನ್ನ ಜಿಪಿಎಸ್‌ನಲ್ಲಿ ಹುಡುಕ್ಬೇಕಾಗುತ್ತೆ. ಮಾರ್ಟಿಂಗೇಲ್ ಅಂತ ಎಳೆದ್ರೆ ತಾನೇ ಸ್ವಲ್ಪ ಬಿಗಿಯಾಗೋ ಅಗಲ ಪಟ್ಟಿ ಬರುತ್ತೆ, ಟ್ರ್ಯಾಕರ್ ಅದಕ್ಕೆ ಹೊಲಿಸಿ. ಬೇಸಿಗೇಲಿ ನಾಯಿನ ಮತ್ತೆ ಕಟ್ಟಿದ ಮೇಲೆ ಟ್ರ್ಯಾಕರ್ ಬಿಚ್ಚಿ ನೆರಳಲ್ಲಿಡಿ, ನಿಮ್ಮ ಕಡೆ ಬಿಸಿಲಿಗೆ ಲಿಥಿಯಂ ಬ್ಯಾಟರಿ ಬಾಳಲ್ಲ.

ಪ್ರಶ್ನೆ: ಬೆಂಗಳೂರಲ್ಲಿ ನಮ್ಮ ಲ್ಯಾಬ್ರಡಾರ್‌ಗೆ ಮೈಕ್ರೋಚಿಪ್ ಹಾಕಿಸಿದೀವಿ. ಅದು ಯಾವ ಆಪ್‌ನಲ್ಲಿ ಕಾಣುತ್ತೆ? ಡಾಕ್ಟರ್ ಹೇಳೋದು ಮರೆತ್ರು.

ಉತ್ತರ: ಯಾವ ಆಪ್‌ನಲ್ಲೂ ಕಾಣಲ್ಲ. ಅಕ್ಕಿ ಕಾಳಿನಷ್ಟಿರೋ ಅದರಲ್ಲಿ ಬ್ಯಾಟರಿನೇ ಇಲ್ಲ, ಇನ್ನು ಜಿಪಿಎಸ್ ಎಲ್ಲಿಂದ ಬರಬೇಕು. ಸ್ಕ್ಯಾನರನ್ನ ಭುಜದ ಹತ್ತಿರ ಹಿಡಿದಾಗ ಅದರಿಂದ ಸಿಕ್ಕ ಶಕ್ತೀಲಿ ಎಚ್ಚರ ಆಗಿ 15 ಅಂಕಿ ಹೇಳಿ ಮತ್ತೆ ಮಲಗಿಬಿಡುತ್ತೆ, ಕೆಲವು ಇಂಚು ದೂರ ಆದ್ರೂ ಕೇಳಿಸಲ್ಲ. ಅಂದ್ರೆ ನಾಯಿ ಹುಡುಕೋಕೆ ಅಲ್ಲ, ಸಿಕ್ಕ ನಾಯಿ ನಿಮ್ಮದು ಅಂತ ತೋರಿಸೋಕೆ. ಆ 15 ಅಂಕಿ ಎದುರಿಗೆ ನಿಮ್ಮ ಈಗಿನ ಫೋನ್ ನಂಬರೇ ನೋಂದಣಿ ಆಗಿದೆಯಾ ಅಂತ ಡಾಕ್ಟರ್ ಹತ್ರ ಒಮ್ಮೆ ಕೇಳಿ, ನಂಬರ್ ಬದಲಾಯಿಸಿದೋರು ಅದನ್ನೇ ಮರೀತಾರೆ.